ಲೇಕಾಕ್‌ನಲ್ಲಿ ಇಡೀ ದಿನ ಫೋಟೋ ತೆಗೆದೆ, ಒಂದೂ ಮನಸ್ಸಿಗೆ ಹಿಡಿಸಲಿಲ್ಲ. ಮತ್ತೆ ಹೋಗುವ ಮುಂಚೆ ಸಲಹೆ ಬೇಕು

ನೀಲಿಕೊಡೆ · ಜೂನ್ 2, ರಾತ್ರಿ 10:40

ಎಲ್ಲರಿಗೂ ನಮಸ್ಕಾರ. ನನ್ನೂರು ತೀರ್ಥಹಳ್ಳಿ, ನಾಲ್ಕು ವರ್ಷದಿಂದ ರೆಡಿಂಗ್‌ನಲ್ಲಿದ್ದೇನೆ. ಹೋದ ಶನಿವಾರ ವಿಲ್ಟ್‌ಶೈರ್‌ನ ಲೇಕಾಕ್ ಹಳ್ಳಿಗೆ ಹೋಗಿದ್ದೆ. ಚಿಪ್ಪೆನ್‌ಹ್ಯಾಮ್‌ವರೆಗೆ ರೈಲು, ಅಲ್ಲಿಂದ ಬಸ್ಸು. ಬೆಳಿಗ್ಗೆ 11ಕ್ಕೆ ಇಳಿದವಳು ಮಧ್ಯಾಹ್ನ 3ರವರೆಗೂ ಊಟ ಮರೆತು ಸುತ್ತಿದೆ. ಹೈ ಸ್ಟ್ರೀಟ್, ಚರ್ಚ್ ಸ್ಟ್ರೀಟ್, ಈಸ್ಟ್ ಸ್ಟ್ರೀಟ್, ವೆಸ್ಟ್ ಸ್ಟ್ರೀಟ್, ಹೀಗೆ ನಾಲ್ಕೇ ಬೀದಿಯ ಊರು. ಒಂದು ಸುತ್ತು ಹಾಕಲು ಕಾಲು ಗಂಟೆ ಸಾಕು. ಆದರೂ ನಾನ್ನೂರಕ್ಕೂ ಹೆಚ್ಚು ಫೋಟೋ ತೆಗೆದಿದ್ದೇನೆ.

ಮನೆಗೆ ಬಂದು ನೋಡಿದರೆ ಅಲ್ಲಿ ನಿಂತಾಗ ಎದೆ ತುಂಬಿಸಿದ್ದು ಯಾವುದೂ ಫೋಟೋದಲ್ಲಿಲ್ಲ. ಬಿಳಿ ಗೋಡೆಗಳೆಲ್ಲ ಸುಟ್ಟ ಹಾಗೆ ಬಿಳಿಚಿಕೊಂಡಿವೆ. ಮನೆಗಳು ಹಿಂದಕ್ಕೆ ಬೀಳುವಂತೆ ಕಾಣುತ್ತವೆ. ಪ್ರತಿ ಚೌಕಟ್ಟಿನಲ್ಲೂ ಒಂದು ಕಾರು ಅಥವಾ ಕಸದ ಡಬ್ಬ. ನನ್ನ ಹತ್ತಿರ ಇರುವುದು ಒಂದು ಮಿರರ್‌ಲೆಸ್ ಕ್ಯಾಮೆರಾ, ಅದರ ಜೊತೆ ಬಂದ ಜೂಮ್ ಲೆನ್ಸ್ ಮತ್ತು ಫೋನು.

ಇನ್ನೊಂದು ವಿಷಯ. ಚರ್ಚ್ ಸ್ಟ್ರೀಟ್‌ನಲ್ಲಿ ಒಂದು ಕಿಟಕಿಯ ಹೂಕುಂಡಕ್ಕೆ ಫೋಕಸ್ ಮಾಡುತ್ತಿದ್ದೆ. ಒಳಗೊಬ್ಬರು ಅಜ್ಜಿ ಟೀ ಕಪ್ ಹಿಡಿದು ನನ್ನನ್ನೇ ನೋಡುತ್ತಿದ್ದರು. ಅವರು ಏನೂ ಅನ್ನಲಿಲ್ಲ, ಮೆಲ್ಲಗೆ ಪರದೆ ಎಳೆದುಕೊಂಡರು. ಆ ಪರದೆ ಇನ್ನೂ ಕಣ್ಣ ಮುಂದಿದೆ. ಇಂಥ ಊರಿನಲ್ಲಿ ಹೇಗೆ ಫೋಟೋ ತೆಗೆಯಬೇಕು? ಹೋಗಿ ಬಂದವರು ಹೇಳಿ.

ಬಾತ್‌ಬೀದಿ · ಜೂನ್ 2, ರಾತ್ರಿ 11:15

ನಾನು ಬಾತ್‌ನಲ್ಲಿದ್ದೇನೆ, ಲೇಕಾಕ್‌ಗೆ ವರ್ಷಕ್ಕೆ ಏಳೆಂಟು ಸಲವಾದರೂ ಹೋಗುತ್ತೇನೆ. ನೀವು ಹೋದ ಹೊತ್ತೇ ಸರಿ ಇಲ್ಲ ಮಾರಾಯ್ರೆ. ಮೇ ಕೊನೆಯಲ್ಲಿ ಅಲ್ಲಿ ಸೂರ್ಯ ನೆತ್ತಿಗೆ ಹತ್ತಿರ ಬರುವುದು ಮಧ್ಯಾಹ್ನ ಒಂದಕ್ಕೆ, ಅದೂ 60 ಡಿಗ್ರಿ ಎತ್ತರದಲ್ಲಿ. ಆ ಬೆಳಕಿನಲ್ಲಿ ಸೂರಿನ ನೆರಳು ಕಿಟಕಿ ಬಾಗಿಲನ್ನೆಲ್ಲ ನುಂಗುತ್ತದೆ, ಗೋಡೆ ಮಾತ್ರ ಹೊಳೆಯುತ್ತದೆ. ಪ್ರವಾಸಿಗರ ಬಸ್ಸು ಬರುವುದೂ ಅದೇ ಹೊತ್ತಿಗೆ.

ಜೂನ್‌ನಲ್ಲಿ ಸಂಜೆ ಹೋಗಿ. ಸೂರ್ಯ ಮುಳುಗುವಾಗ ಒಂಬತ್ತೂವರೆ ಆಗಿರುತ್ತದೆ. ನಮ್ಮ ಊರಿನವರಿಗೆ ಇದು ಬೇಗ ಹೊಳೆಯುವುದಿಲ್ಲ: ಸಂಜೆ ಆರರ ನಂತರ ಅಲ್ಲಿ ಸೂರ್ಯ ಪಶ್ಚಿಮವನ್ನೂ ದಾಟಿ ವಾಯವ್ಯಕ್ಕೆ ಸರಿದಿರುತ್ತಾನೆ. ಅಂದರೆ ಹೈ ಸ್ಟ್ರೀಟ್‌ನ ದಕ್ಷಿಣದ ಸಾಲಿನ ಮನೆಗಳು ಇವೆಯಲ್ಲ, ಉತ್ತರಕ್ಕೆ ಮುಖ ಮಾಡಿದವು, ವರ್ಷದ ಬಹುಪಾಲು ನೆರಳಲ್ಲೇ ಇರುವ ಅವುಗಳಿಗೆ ಬಿಸಿಲು ಬೀಳುವುದು ಬೇಸಿಗೆಯ ತಿಂಗಳುಗಳಲ್ಲಿ ಮಾತ್ರ, ಅದೂ ಬೆಳಗಿನ ಜಾವ ಮತ್ತು ಸಂಜೆ. ಅಡ್ಡಬಿಸಿಲು ಬಿದ್ದಾಗ ಒಂದೊಂದು ಕಲ್ಲಿನ ಉಬ್ಬು ತಗ್ಗೂ ಎದ್ದು ಕಾಣುತ್ತದೆ.

ಬಿಳಿ ಸುಣ್ಣ ಬಳಿದು ನಡುವೆ ಕಪ್ಪು ಮರ ಇರುವ ಮನೆಗಳಿಗೆ ಮಾತ್ರ ಮೋಡವೇ ವಾಸಿ. ಮೋಡ ಕವಿದರೆ ವಾಪಸ್ ಹೊರಡಬೇಡಿ.

ಕಡೂರುಕ್ಯಾಮೆರಾ · ಜೂನ್ 3, ಬೆಳಿಗ್ಗೆ 7:02

ಮಗಳೇ, ಮನೆ ಹಿಂದಕ್ಕೆ ಬೀಳುವಂತೆ ಕಾಣುವುದಕ್ಕೆ ಲೆನ್ಸ್ ಕಾರಣ ಅಲ್ಲ. ಬೀದಿ ಕಿರಿದು, ಮನೆ ಎತ್ತರ, ಹಾಗಾಗಿ ಕ್ಯಾಮೆರಾವನ್ನು ಮೇಲಕ್ಕೆ ಎತ್ತಿರುತ್ತೀಯ. ಎತ್ತಿದ ತಕ್ಷಣ ನೇರ ಗೆರೆಗಳೆಲ್ಲ ಮೇಲೆ ಹೋಗುತ್ತಾ ಕೂಡಿಕೊಳ್ಳುತ್ತವೆ. ಕಟ್ಟಡ ತೆಗೆಯುವವರು ಇದಕ್ಕೇ ದುಬಾರಿ ಶಿಫ್ಟ್ ಲೆನ್ಸ್ ಇಟ್ಟುಕೊಳ್ಳುತ್ತಾರೆ. ಈಗಲೇ ಅದು ನಿನಗೆ ಬೇಡ. ಕ್ಯಾಮೆರಾದಲ್ಲಿ ಮಟ್ಟ ತೋರಿಸುವ ಗೆರೆ ಇರುತ್ತದೆ, ಅದನ್ನು ಆನ್ ಮಾಡಿಕೋ. ಗಾರೆಯವನು ರಸಮಟ್ಟ ನೋಡುತ್ತಾನಲ್ಲ, ಹಾಗೆ ನೋಡು. ಜೂಮನ್ನು ಅಗಲದ ತುದಿಗೆ ತಂದು, ಆದಷ್ಟು ಹಿಂದೆ ಸರಿದು, ಕ್ಯಾಮೆರಾ ಎತ್ತದೆ ಮಟ್ಟಸವಾಗಿ ಹಿಡಿದು ತೆಗೆ. ಚಿತ್ರದ ಕೆಳಗಿನ ಅರ್ಧ ಬರೀ ರಸ್ತೆ ಬರುತ್ತದೆ. ಬರಲಿ, ಆಮೇಲೆ ಕತ್ತರಿಸಿದರಾಯಿತು.

ಕಂಪ್ಯೂಟರಿನಲ್ಲೂ ನೇರ ಮಾಡಬಹುದು, ಆದರೆ ಲೇಕಾಕ್‌ನಂಥ ಊರಲ್ಲಿ ಅಲ್ಲೊಂದು ತೊಡಕಿದೆ. ಅಲ್ಲಿನ ಮರದ ಚೌಕಟ್ಟಿನ ಮನೆಗಳು ನಿಜಕ್ಕೂ ವಾಲಿವೆ. ಐದಾರು ನೂರು ವರ್ಷದಲ್ಲಿ ಓಕ್ ಮರ ಒಣಗಿ, ತಿರುಚಿ, ನೆಲ ಕುಸಿದು ಬಂದ ವಾಲು ಅದು. ಸಾಫ್ಟ್‌ವೇರಿಗೆ ಒಪ್ಪಿಸಿದರೆ ಮನೆಯ ವಾಲನ್ನು ತಿದ್ದಿ ಪಕ್ಕದ ಸರಿಯಾದ ಗೋಡೆಯನ್ನು ಓರೆ ಮಾಡುತ್ತದೆ. ತೆಗೆಯುವಾಗಲೇ ಕ್ಯಾಮೆರಾ ಮಟ್ಟವಾಗಿದ್ದರೆ, ಚಿತ್ರದಲ್ಲಿ ಕಾಣುವ ವಾಲು ಮನೆಯದೇ ಎಂದು ಧೈರ್ಯವಾಗಿ ಹೇಳಬಹುದು. ಮೂವತ್ತೈದು ವರ್ಷ ಕಟ್ಟಡಗಳ ಫೋಟೋ ತೆಗೆದಿದ್ದೇನೆ. ಈ ಒಂದು ಅಭ್ಯಾಸ ಬಿಡಬೇಡ.

ತೊಟ್ಟಿಮನೆ · ಜೂನ್ 3, ಬೆಳಿಗ್ಗೆ 9:48

ಕಡೂರು ಸರ್ ಹೇಳಿದ್ದಕ್ಕೆ ನನ್ನದೂ ಒಂದು ಮಾತು. ನಾನು ಹಳೆ ಮನೆಗಳ ದುರಸ್ತಿ ಮಾಡಿಸುವವನು, ಕೆಲಸ ಹೆಚ್ಚಾಗಿ ಚಿಕ್ಕಮಗಳೂರು ಕಡೆ. 2019ರಲ್ಲಿ ಎರಡು ದಿನ ಲೇಕಾಕ್‌ನಲ್ಲಿದ್ದೆ. ಇಡೀ ಮನೆ ಚೌಕಟ್ಟಿಗೆ ತುಂಬುವ ಮುಂಚೆ ಗೋಡೆಯ ಹತ್ತಿರ ಹೋಗಿ, ಅದು ಯಾವುದರಿಂದ ಆಗಿದೆ ಎಂದು ನೋಡಿ. ಅಲ್ಲಿ ಬಿಳಿಯಾಗಿ ಕಾಣುವ ಹಲವು ಭಾಗಗಳು ಕಲ್ಲೂ ಅಲ್ಲ, ಇಟ್ಟಿಗೆಯೂ ಅಲ್ಲ. ಓಕ್ ಕಂಬಗಳ ನಡುವೆ ಕಡ್ಡಿ ಹೆಣೆದು, ಮಣ್ಣು, ಹುಲ್ಲು, ಸಗಣಿ ಕಲಸಿ ಮೆತ್ತಿ, ಮೇಲೆ ಸುಣ್ಣ ಬಳಿದದ್ದು. ನಮ್ಮಲ್ಲಿ ಅಜ್ಜಿಯರು ತಡಿಕೆ ಗೋಡೆ ಅಂತಾರಲ್ಲ, ಅದೇ. ಅದರ ಪಕ್ಕದಲ್ಲೇ ಸುಣ್ಣದ ಕಲ್ಲಿನ ಗೋಡೆ, ಮೇಲೆ ಕಲ್ಲುಹಂಚು, ಎರಡು ಮನೆ ದಾಟಿದರೆ 18ನೇ ಶತಮಾನದ ಕೆಂಪಿಟ್ಟಿಗೆ. ಇವು ಒಂದಕ್ಕೊಂದು ಸೇರುವ ಜಾಗಗಳಿವೆಯಲ್ಲ, ಅಲ್ಲೇ ಊರಿನ ಚರಿತ್ರೆ ಇರುವುದು.

ಚರ್ಚ್ ಸ್ಟ್ರೀಟ್‌ನಲ್ಲಿ ಒಂದು ಮನೆಯ ಪಕ್ಕದ ಗೋಡೆ ನೋಡಿದ್ದೀರಾ? ನೆಲದಿಂದ ಸೂರಿನವರೆಗೆ ಬಾಗಿ ಹೋದ ಒಂದೇ ದಪ್ಪ ಮರ ಹೊರಗೇ ಕಾಣುತ್ತದೆ. ಬೆಳೆಯುವಾಗಲೇ ಬಾಗಿದ ಮರವನ್ನು ಹುಡುಕಿ ತಂದು, ಉದ್ದಕ್ಕೆ ಸೀಳಿ, ಎರಡು ಹೋಳನ್ನು ಎದುರುಬದುರು ನಿಲ್ಲಿಸಿ ತುದಿಯಲ್ಲಿ ಕೂಡಿಸುವುದು. ಚಾವಣಿಯ ಭಾರ ಗೋಡೆಗೆ ಬೀಳದೆ ಆ ಜೋಡಿ ಮರದ ಮೇಲೆ ನಿಲ್ಲುತ್ತದೆ. ಇಂಗ್ಲೆಂಡಿನ ಬಡಗಿಗಳು ಇದಕ್ಕೆ ಕ್ರಕ್ ಅನ್ನುತ್ತಾರೆ. ಈಸ್ಟ್ ಸ್ಟ್ರೀಟ್ ಮೂಲೆಯಲ್ಲಿರುವ 14ನೇ ಶತಮಾನದ ಕಣಜದ ಒಳಗೂ ತಲೆ ಎತ್ತಿದರೆ ದೊಡ್ಡ ಬಾಗುಮರಗಳೇ ಕಾಣುತ್ತವೆ. ಆ ಊರಿನ ಕ್ರೈಸ್ತ ಸನ್ಯಾಸಿನಿಯರ ಮಠಕ್ಕೆ ಸೇರಬೇಕಾದ ಧಾನ್ಯ, ತೊಗಲು, ಉಣ್ಣೆಯನ್ನು ಜನ ಅಲ್ಲಿಗೆ ತಂದು ಸುರಿಯುತ್ತಿದ್ದರು. ಒಳಗೆ ಕತ್ತಲು. ಟ್ರೈಪಾಡ್ ಇಲ್ಲದಿದ್ದರೆ ಕಂಬಕ್ಕೆ ಒರಗಿ, ಉಸಿರು ಹಿಡಿದು ತೆಗೆಯಿರಿ. ನಾನು ಅಲ್ಲೇ ಒಂದು ಗಂಟೆ ಕೂತಿದ್ದೆ.

ಗರಗದಗಾಳಿ · ಜೂನ್ 3, ಸಂಜೆ 6:20

ಅಕ್ಕಾರ, ನಾ ಬ್ರಿಸ್ಟಲ್‌ನಾಗ ಅದೀನ್ರಿ. ಲೇಕಾಕ್ ಭಾಳ ಚಂದ ಊರ. ತಂತಿ ಇಲ್ಲ, ಟಿವಿ ಆಂಟೆನಾ ಇಲ್ಲ, ರಸ್ತಾದ ಮ್ಯಾಲೆ ಹಳದಿ ಗೆರಿ ಸೈತ ಇಲ್ಲ. ಅದಕ್ಕ ಹಳೇ ಕಾಲದ ಸಿನಿಮಾ, ಧಾರಾವಾಹಿ ಮಾಡವರು ಅಲ್ಲಿಗೇ ಬರ್ತಾರ. ಕಾರ್ ಚಿಂತಿ ಬಿಡ್ರಿ. ಫೋನಿನಾಗ ಅಳಸೂದು ಐತಲ್ಲ, ಬೆರಳ ಎಳದ್ರ ಕಾರ್ ಮಾಯ, ಡಬ್ಬಿ ಮಾಯ, ಮಂದಿ ಮಾಯ. ನಾ ಹಂಗ ಮಾಡಿ ನಮ್ಮವ್ವಗ ಕಳಿಸಿದ್ದೆ, "ಏನ್ ಸ್ವಚ್ಛ ಐತೋ ಊರ" ಅಂತ ಕುಶಿ ಪಟ್ಲು.

ಹೋಗವರು ಹೊಳಿ ಕಡೀಗೂ ಹೋಗ್ರಿ. ಚರ್ಚಿನ ಆಚಿ ಬಾಜೂಕ ಸಣ್ಣ ಹಳ್ಳ ಐತಿ, ನೀರಾಗ ಹಾದು ಹೋಗೂ ದಾರಿ, ಪಕ್ಕದಾಗ ಹೇರು ಹೊತ್ತ ಕುದರಿ ದಾಟಲಿಕ್ಕೆ ಕಟ್ಟಿದ ಸಣ್ಣ ಕಲ್ಲಿನ ಸೇತುವಿ. ಅಲ್ಲಿ ಮಂದಿ ಕಡಿಮಿ.

ಉಪ್ಪುಕಾಗದ · ಜೂನ್ 3, ರಾತ್ರಿ 9:33

ಇಷ್ಟು ಹೊತ್ತಾದರೂ ಯಾರೂ ಆ ಕಿಟಕಿಯ ಹೆಸರೆತ್ತಲಿಲ್ಲವಲ್ಲ! ನೀಲಿಕೊಡೆ ಅವರೇ, ನೀವು ಕ್ಯಾಮೆರಾ ಹಿಡಿದು ತಿರುಗಿದ್ದು ಫೋಟೋಗ್ರಫಿಯ ತವರುಮನೆಗಳಲ್ಲಿ ಒಂದು. ಮುಂದೆ ವಾಸದ ಮನೆಯಾದ ಲೇಕಾಕ್ ಮಠದ ದಕ್ಷಿಣದ ಹಜಾರಕ್ಕೆ ಹೋಗಿದ್ದಿರಾ? ಮೂರು ಹೊರಚಾಚು ಕಿಟಕಿಗಳಿವೆ, ನಡುವಿನದು ಚಿಕ್ಕದು. 1835ರ ಆಗಸ್ಟಿನಲ್ಲಿ ಆ ಮನೆಯ ಯಜಮಾನ ವಿಲಿಯಂ ಹೆನ್ರಿ ಫಾಕ್ಸ್ ಟಾಲ್ಬಟ್ ಒಂದು ಪುಟ್ಟ ಮರದ ಪೆಟ್ಟಿಗೆಯನ್ನು ಆ ಕಿಟಕಿಗೆ ಎದುರಾಗಿ ಇಟ್ಟ. ಒಳಗೆ ಉಪ್ಪು ಮತ್ತು ಬೆಳ್ಳಿಯ ದ್ರಾವಣ ಸವರಿದ ಕಾಗದ. ಅಂಚೆಚೀಟಿಗಿಂತ ಸ್ವಲ್ಪ ದೊಡ್ಡದಾದ ಆ ನೆಗೆಟಿವ್ ಇಂದಿಗೂ ಇದೆ, ಉಳಿದುಬಂದಿರುವ ನೆಗೆಟಿವ್‌ಗಳಲ್ಲೇ ಅತ್ಯಂತ ಹಳೆಯದು. ಕಿಟಕಿಯ ಗಾಜಿನ ಚೌಕಗಳು ಸುಮಾರು 200, ಮೊದಲಿಗೆ ಭೂತಗನ್ನಡಿಯಲ್ಲಿ ಅವನ್ನು ಎಣಿಸಬಹುದಿತ್ತು ಎಂದು ಪಕ್ಕದಲ್ಲೇ ಟಾಲ್ಬಟ್ ಬರೆದಿಟ್ಟಿದ್ದಾನೆ.

ಅವನ ಹೆಂಡತಿ ಕಾನ್‌ಸ್ಟನ್ಸ್ ಆ ಪೆಟ್ಟಿಗೆಗಳಿಗೆ ಇಟ್ಟ ಹೆಸರು ಇಲಿಬೋನು. ಬಿಸಿಲಿರುವ ದಿನ ಹಲವು ಬೋನುಗಳನ್ನು ಮನೆಯ ಸುತ್ತ ಅಲ್ಲಲ್ಲಿ ಇಟ್ಟು, ಅರ್ಧ ಗಂಟೆ ಬಿಟ್ಟು ಒಟ್ಟು ಮಾಡಿ ಒಳಗೆ ತಂದು ಬಿಚ್ಚಿದರೆ ಒಂದೊಂದರಲ್ಲೂ ಒಂದೊಂದು ಪುಟ್ಟ ಚಿತ್ರ. ತನ್ನ ಚಿತ್ರವನ್ನು ತಾನೇ ಬರೆದುಕೊಂಡ ಮೊದಲ ಕಟ್ಟಡ ಇದೇ ಇರಬೇಕು ಎಂದು 1839ರಲ್ಲಿ ತನ್ನ ಮನೆಯ ಬಗ್ಗೆ ಅವನು ಹೇಳಿದ.

ಮನೆ ತಾನೇ ಬರೆದುಕೊಂಡಿತು ಅಂದನಲ್ಲ. ನನಗೆ ಎಲ್ಲಕ್ಕಿಂತ ಇಷ್ಟವಾದ ಮಾತು ಅದು.

ಕಡೂರುಕ್ಯಾಮೆರಾ · ಜೂನ್ 4, ಬೆಳಿಗ್ಗೆ 6:50

ಒಂದು ತಿದ್ದುಪಡಿ, ಉಪ್ಪುಕಾಗದ. ಕ್ಯಾಮೆರಾದಲ್ಲಿ ಮೊದಲು ಕಟ್ಟಡ ಹಿಡಿದವನು ಟಾಲ್ಬಟ್ ಅಲ್ಲ. ಫ್ರಾನ್ಸಿನ ನಿಸೆಫೋರ್ ನಿಯೆಪ್ಸ್ 1826-27ರ ಸುಮಾರಿಗೇ ತನ್ನ ಮನೆಯ ಕಿಟಕಿಯಿಂದ ಕಾಣುವ ಚಾವಣಿಗಳನ್ನು ಲೋಹದ ತಗಡಿನ ಮೇಲೆ ಹಿಡಿದಿದ್ದ. ಟಾಲ್ಬಟ್‌ಗೆ ಆಗ ಅದು ತಿಳಿದಿರಲಿಲ್ಲ. ಆದರೆ ನೆಗೆಟಿವ್ ಮಾಡಿಕೊಂಡು ಅದರಿಂದ ಎಷ್ಟು ಬೇಕಾದರೂ ಪ್ರತಿ ತೆಗೆಯುವ ದಾರಿ ಟಾಲ್ಬಟ್‌ನದು. ಡಿಜಿಟಲ್ ಬರುವವರೆಗೆ ನಾವೆಲ್ಲ ನಡೆದದ್ದು ಆ ದಾರಿಯಲ್ಲೇ.

ಉಪ್ಪುಕಾಗದ · ಜೂನ್ 4, ಬೆಳಿಗ್ಗೆ 8:05

ಒಪ್ಪಿದೆ ಸರ್, ತಿದ್ದಿದ್ದು ಒಳ್ಳೆಯದಾಯಿತು.

ತೊಟ್ಟಿಮನೆ · ಜೂನ್ 4, ಮಧ್ಯಾಹ್ನ 1:10

ಗರಗದಗಾಳಿ ಅಣ್ಣ, ಬೇಜಾರಾಗಬೇಡಿ, ಅಳಿಸುವ ವಿಷಯಕ್ಕೆ ನನ್ನ ಒಪ್ಪಿಗೆ ಇಲ್ಲ. ಅಮ್ಮನಿಗೆ ಕಳಿಸುವ ಚಿತ್ರಕ್ಕೆ ಏನು ಬೇಕಾದರೂ ಮಾಡಿ. ಅಳಿಸದೆ ಇರುವ ಒಂದು ಪ್ರತಿಯನ್ನು ಮಾತ್ರ ಇಟ್ಟುಕೊಳ್ಳಲೇಬೇಕು. ಫೋನು ಕಾರನ್ನು ತೆಗೆದು, ಹಿಂದೆ ಏನಿತ್ತು ಎಂದು ಊಹಿಸಿ ತಾನೇ ಬರೆಯುತ್ತದೆ. ಕಾರಿನ ಹಿಂದೆ ಇದ್ದದ್ದು ಗೋಡೆಯ ಬುಡ. ಹಳೆ ಮನೆಯಲ್ಲಿ ನೀರು ಏರುವುದು, ಕಲ್ಲು ಪುಡಿಯಾಗುವುದು, ಸಿಮೆಂಟಿನ ತೇಪೆ ಬೀಳುವುದು ಎಲ್ಲ ಅಲ್ಲೇ. ಅಲ್ಲಿ ಫೋನು ಒಪ್ಪವಾದ ಕಲ್ಲು ಜೋಡಿಸಿಬಿಟ್ಟರೆ ಅದು ಯಾರೂ ಕಟ್ಟದ ಗೋಡೆ. ನಾಳೆ ಯಾರಾದರೂ ಆ ಫೋಟೋ ನಂಬಿ ದುರಸ್ತಿಗೆ ಕೂತರೆ?

ನನ್ನ ಕೆಲಸದಲ್ಲಿ ಇದು ದಿನವೂ ಎದುರಾಗುತ್ತದೆ. ಹಳೆ ಮನೆಯವರು ಮದುವೆ ಆಲ್ಬಂ ತರುತ್ತಾರೆ. ಮದುಮಕ್ಕಳ ಹಿಂದೆ ಕಾಣುವ ಕಂಬದ ಕೆತ್ತನೆ, ಜಗುಲಿಯ ಎತ್ತರ, ಕಿಟಕಿಯ ಸರಳು ನೋಡಿ ನಾವು ಕೆಲಸ ಮಾಡುತ್ತೇವೆ. ಹೋದ ವರ್ಷ ಒಂದು ಪಡಸಾಲೆಯ ತೊಲೆ ಎಲ್ಲಿತ್ತು ಎಂದು ಗೊತ್ತಾದದ್ದು ಅಜ್ಜನ ತಲೆಯ ಮೇಲೆ ಬಿದ್ದಿದ್ದ ಅದರ ನೆರಳಿನಿಂದ.

ಹೊಸಪೇಟೆಹುಡುಗ · ಜೂನ್ 4, ರಾತ್ರಿ 8:44

ತೊಟ್ಟಿಮನೆ ಸರ್ ಮಾತಿಗೆ ನಮ್ಮೂರಿನದೇ ಸಾಕ್ಷಿ ಇದೆ. ಹಂಪಿಯ ಕಲ್ಲಿನ ತೇರು ಎಲ್ಲರಿಗೂ ಗೊತ್ತು, 50 ರೂಪಾಯಿ ನೋಟಿನ ಹಿಂದೆಯೂ ಇದೆ. ಅದರಲ್ಲಿ ತೇರಿನ ಮೇಲ್ಭಾಗ ಚಪ್ಪಟೆ. ಆದರೆ 1856ರಲ್ಲಿ ಮದ್ರಾಸ್ ಸೇನೆಯ ಅಧಿಕಾರಿ ಅಲೆಕ್ಸಾಂಡರ್ ಗ್ರೀನ್‌ಲಾ ತೆಗೆದ ಫೋಟೋ ನೋಡಿದರೆ ಅದೇ ತೇರಿನ ಮೇಲೆ ಇಟ್ಟಿಗೆಯ ಶಿಖರ ಇದೆ! ಆಮೇಲೆ ಅದು ಇಲ್ಲವಾಯಿತು. ಆ ಫೋಟೋ ಇರದಿದ್ದರೆ ತೇರು ಮೊದಲಿನಿಂದಲೂ ಹಾಗೇ ಇತ್ತು ಎಂದು ನಾವೆಲ್ಲ ನಂಬಿರುತ್ತಿದ್ದೆವು.

ಇದನ್ನು ಇಲ್ಲಿ ಹೇಳಲು ಇನ್ನೂ ಒಂದು ಕಾರಣವಿದೆ. ಗ್ರೀನ್‌ಲಾ ಬಳಸಿದ್ದೂ ಕಾಗದದ ನೆಗೆಟಿವ್, ಟಾಲ್ಬಟ್‌ನ ಕ್ಯಾಲೊಟೈಪ್ ದಾರಿಯದು. ಲೇಕಾಕ್‌ನ ಕಿಟಕಿಯಿಂದ ವಿಠಲ ದೇವಸ್ಥಾನದ ಅಂಗಳಕ್ಕೆ ಬರಲು ಅದಕ್ಕೆ ಹಿಡಿದದ್ದು 21 ವರ್ಷ. 1983ರಲ್ಲಿ ಆಸ್ಟ್ರೇಲಿಯಾದ ಜಾನ್ ಗಾಲಿಂಗ್ಸ್ ಗ್ರೀನ್‌ಲಾ ನಿಂತ ಜಾಗಗಳನ್ನೇ ಹುಡುಕಿ ನಿಂತು ಮತ್ತೆ ಫೋಟೋ ತೆಗೆದರು. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದ ದಿನ ನನಗೆ ನಿದ್ದೆ ಬರಲಿಲ್ಲ. ಯಾವ ಕಲ್ಲು ಹೋಯಿತು, ಯಾವುದು ಉಳಿಯಿತು ಎಂದು ಒಂದೊಂದೇ ಹುಡುಕುತ್ತಾ ಕೂತಿದ್ದೆ.

ಗರಗದಗಾಳಿ · ಜೂನ್ 4, ರಾತ್ರಿ 10:02

ಬೇಜಾರ ಯಾಕ್ರಿ, ಖರೇ ಮಾತು ಹೇಳೀರಿ. ತೇರಿನ ಶಿಖರದ ಸಂಗತಿ ನನಗ ಗೊತ್ತಿರಲಿಲ್ಲ. ಹಳೇ ಫೈಲ್ ಎಲ್ಲಾ ಇನ್ನೂ ಅದಾವ, ಕಾರ್ ಸೈತ ಅದಾವ. ಇನ್ನ ಮ್ಯಾಲೆ ಎರಡೂ ಇಡ್ತೀನಿ.

ಉಪ್ಪುಕಾಗದ · ಜೂನ್ 4, ರಾತ್ರಿ 10:30

ಟಾಲ್ಬಟ್ ಕೂಡ ಇದನ್ನೇ ಗಮನಿಸಿದ್ದ. 1844ರಿಂದ 46ರವರೆಗೆ ಭಾಗಭಾಗವಾಗಿ ಹೊರತಂದ ತನ್ನ ಪುಸ್ತಕದಲ್ಲಿ ಆಕ್ಸ್‌ಫರ್ಡ್‌ನ ಒಂದು ಕಟ್ಟಡದ ಚಿತ್ರದ ಜೊತೆಗೆ ಬರೆಯುತ್ತಾನೆ: ತೆಗೆದವನು ಆಗ ಗಮನಿಸದೇ ಇದ್ದದ್ದೆಲ್ಲ ಆಮೇಲೆ ಚಿತ್ರದಲ್ಲಿ ಸಿಗುತ್ತದೆ, ಗೋಡೆಯ ಮೇಲಿನ ಬರಹ, ಅಂಟಿಸಿದ ಚೀಟಿ, ಒಮ್ಮೊಮ್ಮೆ ದೂರದ ಗಡಿಯಾರದ ಮುಖದಲ್ಲಿ ಚಿತ್ರ ತೆಗೆದ ಗಂಟೆಯೂ. ಅಂಥದ್ದನ್ನು ನಾವಾಗಿಯೇ ಏಕೆ ಒರೆಸಬೇಕು?

ಅದೇ ಪುಸ್ತಕದಲ್ಲಿ ಲೇಕಾಕ್‌ನ ಇನ್ನೊಂದು ಚಿತ್ರವಿದೆ. ಮಠದ ಗೋಪುರವಲ್ಲ, ಕಮಾನಿನ ಕೈಸಾಲೆಯೂ ಅಲ್ಲ. ಅರ್ಧ ತೆರೆದ ಒಂದು ಬಾಗಿಲು, ಅದಕ್ಕೆ ಒರಗಿಸಿದ ಕಡ್ಡಿಪೊರಕೆ, ಗೋಡೆಗೆ ತೂಗುಹಾಕಿದ ಲಾಂದ್ರ ಮತ್ತು ಕುದುರೆಯ ಲಗಾಮು. ಪೊರಕೆಯ ಹಿಡಿಯ ನೆರಳು ಬಾಗಿಲಿನ ಮೇಲೆ ಓರೆಯಾಗಿ ಬಿದ್ದಿದೆ. ಅಷ್ಟೇ. 1232ರಲ್ಲಿ ಸಾಲ್ಸ್‌ಬರಿಯ ಕೌಂಟೆಸ್ ಏಲಾ ಕಟ್ಟಿಸಿದ ಮಠ ಕಣ್ಣೆದುರಿಗೇ ಇದ್ದವನು ಪೊರಕೆಯ ಮುಂದೆ ಕ್ಯಾಮೆರಾ ಇಟ್ಟ.

ನೀಲಿಕೊಡೆ · ಜೂನ್ 5, ರಾತ್ರಿ 11:20

ನಿಮ್ಮೆಲ್ಲರ ಬರಹ ಓದಿ ನನ್ನ ಫೋಟೋಗಳನ್ನು ಮತ್ತೆ ತೆಗೆದು ನೋಡಿದೆ. ಒಂದರಲ್ಲಿ ನೀಲಿ ಬಾಗಿಲಿನ ಮನೆ, ಮುಂದೆ ಕಸದ ಡಬ್ಬ. ಡಬ್ಬದ ಮುಚ್ಚಳದ ಮೇಲೆ ಒದ್ದೆ ಕೈಗವಸು ಒಣಹಾಕಿದ್ದಾರೆ, ಬೆರಳಿಗೆಲ್ಲ ಮಣ್ಣು. ಯಾರೋ ತೋಟದ ಕೆಲಸ ಅರ್ಧಕ್ಕೆ ಬಿಟ್ಟು ಒಳಗೆ ಹೋಗಿದ್ದಾರೆ. ನಾನದನ್ನು ನೋಡಿಯೇ ಇರಲಿಲ್ಲ. ಇದನ್ನು ಅಳಿಸಲು ಹೊರಟಿದ್ದೆ.

ಪರದೆ ಎಳೆದ ಅಜ್ಜಿಯ ವಿಷಯ ಯಾರಾದರೂ ಹೇಳಿ.

ಬಾತ್‌ಬೀದಿ · ಜೂನ್ 6, ಬೆಳಿಗ್ಗೆ 7:30

ಅದನ್ನು ಬಿಡಿಸಿ ಹೇಳುತ್ತೇನೆ. ಕಾನೂನಿನ ಮಟ್ಟಿಗೆ, ಸಾರ್ವಜನಿಕ ರಸ್ತೆಯಲ್ಲಿ ನಿಂತು ಕಟ್ಟಡದ ಫೋಟೋ ತೆಗೆಯಲು ಬ್ರಿಟನ್ನಿನಲ್ಲಿ ಅಡ್ಡಿಯಿಲ್ಲ. ಕಟ್ಟಡದ ಫೋಟೋ ತೆಗೆದರೆ ಕೃತಿಸ್ವಾಮ್ಯ ಮುರಿದಂತೆ ಆಗುವುದಿಲ್ಲ ಎಂದು 1988ರ ಕಾಪಿರೈಟ್ ಕಾಯ್ದೆಯ 62ನೇ ಸೆಕ್ಷನ್ ಹೇಳುತ್ತದೆ. ಆದರೆ 1944ರಲ್ಲಿ ಮಟಿಲ್ಡಾ ಟಾಲ್ಬಟ್ ಮಠವನ್ನೂ ಹಳ್ಳಿಯನ್ನೂ ಹಳೆ ಕಟ್ಟಡಗಳನ್ನು ಕಾಪಾಡುವ ನ್ಯಾಷನಲ್ ಟ್ರಸ್ಟ್ ಸಂಸ್ಥೆಗೆ ದಾನ ಕೊಟ್ಟರು. ಹಾಗಾಗಿ ಟ್ರಸ್ಟ್‌ನ ಜಾಗದಲ್ಲಿ ವ್ಯಾಪಾರಕ್ಕೆ ಫೋಟೋ ತೆಗೆಯುವುದಾದರೆ, ಡ್ರೋನ್ ಹಾರಿಸುವುದಾದರೆ ಅವರ ಅನುಮತಿ ಬೇಕು. ಮಠದ ಒಳಗೆ ಫ್ಲ್ಯಾಶ್ ಹೊಡೆಯಬೇಡಿ. ಟ್ರೈಪಾಡ್ ಬೇಕಿದ್ದರೆ ಅಲ್ಲಿನವರನ್ನು ಕೇಳಿಯೇ ಬಿಚ್ಚಿ.

ಕಾನೂನು ಬಿಟ್ಟು ಹೇಳುವುದಾದರೆ, ಆ ಮನೆಗಳಲ್ಲಿ ಬಾಡಿಗೆಗೆ ಇರುವ ಜನ ಇದ್ದಾರೆ. ಬೆಳಿಗ್ಗೆ ಮಕ್ಕಳನ್ನು ಶಾಲೆಗೆ ಕಳಿಸುತ್ತಾರೆ, ಬಟ್ಟೆ ಒಣಹಾಕುತ್ತಾರೆ. ನಮ್ಮ ಮನೆಯ ಜಗುಲಿ ಮುಂದೆ ದಿನಕ್ಕೆ ನೂರು ಜನ ಕ್ಯಾಮೆರಾ ಹಿಡಿದು ನಿಂತರೆ ನಮಗೆ ಹೇಗಾಗುತ್ತದೆ? ನಾನು ಪಾಲಿಸುವುದು ಇಷ್ಟು: ಬೀದಿಯ ಆಚೆ ಬದಿಯಲ್ಲಿ ನಿಂತು ಮನೆ ತೆಗೆಯುತ್ತೇನೆ, ಕಿಟಕಿಯ ಗಾಜಿನ ಒಳಗೆ ಫೋಕಸ್ ಮಾಡುವುದಿಲ್ಲ. ಯಾರಾದರೂ ಹೊರಗೆ ಬಂದರೆ ಕ್ಯಾಮೆರಾ ಕೆಳಗಿಳಿಸಿ ನಮಸ್ಕಾರ ಹೇಳುತ್ತೇನೆ. ಹಾಗೆ ಹೇಳಿದ್ದಕ್ಕೇ ಒಮ್ಮೆ ಒಬ್ಬರು ಹಿತ್ತಲಿಗೆ ಕರೆದು, ಹಳೆ ಗೋಡೆಯಲ್ಲಿ ಸೇರಿಕೊಂಡಿದ್ದ ಒಂದು ಕೆತ್ತಿದ ಕಲ್ಲನ್ನು ತೋರಿಸಿದರು.

ವೆಸ್ಟ್ ಸ್ಟ್ರೀಟ್‌ನ ಜಾರ್ಜ್ ಇನ್‌ನಲ್ಲೂ ಹೀಗೇ, ಏನಾದರೂ ತೆಗೆದುಕೊಂಡು ಕೂತು ಕೇಳಿದರೆ ಆಯಿತು. ಒಲೆಯ ಹತ್ತಿರ ಒಂದು ಮರದ ಚಕ್ರವಿದೆ. ಹಿಂದೆ ನಾಯಿಯನ್ನು ಅದರೊಳಗೆ ಓಡಿಸಿ, ಬೆಂಕಿಯ ಮೇಲಿನ ಮಾಂಸದ ಸಲಾಕೆಯನ್ನು ತಿರುಗಿಸುತ್ತಿದ್ದರು. ಆ ನಾಯಿಗಳನ್ನು ನೆನೆದು ನನಗಂತೂ ಪ್ರತಿ ಸಲವೂ ಸಂಕಟವಾಗುತ್ತದೆ.

ಕಡೂರುಕ್ಯಾಮೆರಾ · ಜೂನ್ 6, ಬೆಳಿಗ್ಗೆ 9:15

ಮಗಳೇ, ನಾನ್ನೂರು ಫೋಟೋ ಬೇಡ. ಮುಂದಿನ ಸಲ ಒಂದೇ ಬೀದಿ ಹಿಡಿ. ಒಂದು ಮನೆಗೆ ಮೂರು ಚಿತ್ರ: ಎದುರಿನಿಂದ ಇಡೀ ಮನೆ, ಮೂಲೆಯಿಂದ ಎರಡು ಗೋಡೆ ಸೇರಿ, ಆಮೇಲೆ ನಿನ್ನ ಕಣ್ಣು ಎಲ್ಲಿ ನಿಂತಿತೋ ಆ ಜಾಗ. ಯಾವ ದಿನ, ಎಷ್ಟು ಹೊತ್ತು, ಎಲ್ಲಿ ನಿಂತೆ ಎಂದು ಒಂದು ಪುಸ್ತಕದಲ್ಲಿ ಬರೆದುಕೋ. ಕ್ಯಾಮೆರಾದ ಗಡಿಯಾರ ಇಂಡಿಯಾ ಟೈಮಿನಲ್ಲೇ ಇದೆಯೇನೋ ನೋಡಿಕೋ, ಎಷ್ಟೋ ಜನ ಅದನ್ನು ಬದಲಿಸಿರುವುದಿಲ್ಲ.

ಚಳಿಗಾಲದಲ್ಲಿ ಹೋಗಲು ಆಗುತ್ತದಾ?

ನೀಲಿಕೊಡೆ · ಜೂನ್ 6, ರಾತ್ರಿ 10:11

ಡಿಸೆಂಬರಿನಲ್ಲಿ ರಜೆ ಇದೆ ಸರ್. ಆದರೆ ಆಗ ಬೆಳಕೇ ಇರುವುದಿಲ್ಲವಲ್ಲ?

ಕಡೂರುಕ್ಯಾಮೆರಾ · ಜೂನ್ 7, ಬೆಳಿಗ್ಗೆ 6:40

ಕಡಿಮೆ ಹೊತ್ತು ಇರುತ್ತದೆ, ಆದರೆ ಬೇರೆ ಥರ ಇರುತ್ತದೆ. ಡಿಸೆಂಬರ್ ಮಧ್ಯದಲ್ಲಿ ನಡುಹಗಲಿಗೂ ಅಲ್ಲಿ ಸೂರ್ಯ 15 ಡಿಗ್ರಿಯಷ್ಟೇ ಏರುವುದು. ಅದೇ ದಿನ ಬೆಂಗಳೂರಿನಲ್ಲಿ 53ರ ಮೇಲಿರುತ್ತಾನೆ. 6 ಮೀಟರ್ ಗೋಡೆಯ ನೆರಳು 22 ಮೀಟರ್ ಚಾಚುತ್ತದೆ. ನಮ್ಮಲ್ಲಿ ಬೆಳಿಗ್ಗೆ ಏಳೂವರೆಗೆ ಸಿಗುವ ಅಡ್ಡಬಿಸಿಲು ಅಲ್ಲಿ, ಮೋಡ ಬಿಟ್ಟರೆ, ಇಡೀ ಹಗಲು. ನಾಲ್ಕಕ್ಕೆ ಕತ್ತಲು. ಒಮ್ಮೆ ನೋಡು.

ನೀಲಿಕೊಡೆ · ಡಿಸೆಂಬರ್ 15, ರಾತ್ರಿ 9:05

ಎಲ್ಲರಿಗೂ ನಮಸ್ಕಾರ, ಹಳೆಯ ಚರ್ಚೆಯನ್ನು ಮತ್ತೆ ಮೇಲಕ್ಕೆ ತರುತ್ತಿದ್ದೇನೆ. ನಿನ್ನೆ ಲೇಕಾಕ್‌ಗೆ ಹೋಗಿದ್ದೆ. ಬೆಳಿಗ್ಗೆ ಒಂಬತ್ತಕ್ಕೆ ತಲುಪಿದಾಗ ದಟ್ಟ ಮೋಡ. ಬಾತ್‌ಬೀದಿ ಹೇಳಿದ್ದು ನೆನಪಿಟ್ಟುಕೊಂಡು ಚರ್ಚ್ ಸ್ಟ್ರೀಟ್‌ನ ಬಿಳಿ ಗೋಡೆಗಳಿಂದ ಶುರು ಮಾಡಿದೆ. ಈ ಸಲ ಗೋಡೆ ಸುಡಲಿಲ್ಲ. ಸುಣ್ಣದ ಮೇಲೆ ಕುಂಚ ಆಡಿದ ಗೆರೆಗಳೂ ಬಂದಿವೆ. ತೊಟ್ಟಿಮನೆ ಸರ್ ಹೇಳಿದ ಬಾಗುಮರದ ಮುಂದೆ ಅರ್ಧ ಗಂಟೆ ನಿಂತೆ. ಮರದ ಸೀಳಿನಲ್ಲಿ ಬೆರಳು ಹೋಗುವಷ್ಟು ಬಿರುಕು, ಅದರೊಳಗೆ ಒಂದು ಜೇಡರ ಬಲೆ, ಬಲೆಯ ತುಂಬಾ ಇಬ್ಬನಿ. ಮುಟ್ಟಲಿಲ್ಲ.

ಪರದೆಯ ಮನೆಯ ಮುಂದೆ ಕ್ಯಾಮೆರಾ ಚೀಲದೊಳಗೆ ಇಟ್ಟೇ ಹಾದುಹೋದೆ. ಕಿಟಕಿಯಲ್ಲಿ ಯಾರೂ ಇರಲಿಲ್ಲ. ಹೂಕುಂಡ ಅಲ್ಲೇ ಇತ್ತು.

ಹನ್ನೊಂದೂಮುಕ್ಕಾಲಿಗೆ ಇದ್ದಕ್ಕಿದ್ದಂತೆ ಮೋಡ ಬಿರಿಯಿತು. ಹೈ ಸ್ಟ್ರೀಟ್‌ಗೆ ಓಡಿದೆ. ದಕ್ಷಿಣದ ಸಾಲಿನ ಮನೆಗಳ ನೆರಳು ಇಡೀ ಬೀದಿ ದಾಟಿ ಎದುರಿನ ಗೋಡೆಗಳನ್ನು ಹತ್ತಿದೆ! ಕೆಳಗಿನ ಅಂತಸ್ತು ನೀಲಿ ನೆರಳಿನಲ್ಲಿ, ಮೇಲಿನ ಅಂತಸ್ತು ಜೇನಿನ ಬಣ್ಣದಲ್ಲಿ. ನಡುವೆ ಎದುರು ಸಾಲಿನ ಚಾವಣಿಯ ಏರಿಳಿತವೆಲ್ಲ ಗೋಡೆಯ ಮೇಲೆ ಕಪ್ಪಾಗಿ ಮೂಡಿದೆ. ಒಂದು ಚಿಮಣಿಯ ನೆರಳು ಎರಡು ಕಿಟಕಿಗಳ ಮಧ್ಯೆ ನೆಟ್ಟಗೆ ನಿಂತಿತ್ತು. ಆ ಚಿಮಣಿಯಿಂದ ಹೊಗೆ ಬರುತ್ತಿದ್ದುದರಿಂದ ಗೋಡೆಯ ಮೇಲೆ ಹೊಗೆಯ ನೆರಳೂ ಅಲುಗಾಡುತ್ತಿತ್ತು. ಬೀದಿಯ ಒಂದು ಬದಿ ಇನ್ನೊಂದು ಬದಿಯ ಮೇಲೆ ತನ್ನ ಚಿತ್ರ ತಾನೇ ಬರೆದುಕೊಳ್ಳುತ್ತಿದೆ ಅನ್ನಿಸಿತು, ಉಪ್ಪುಕಾಗದ ಅವರೇ. ಟಾಲ್ಬಟ್ ಹೇಳಿದ್ದು ಆ ಕ್ಷಣಕ್ಕೆ ಅರ್ಥವಾಯಿತು.

ಮಟ್ಟದ ಗೆರೆ ನೋಡಿಕೊಂಡು ಎಂಟು ಚಿತ್ರ ತೆಗೆದೆ. ಐದು ನಿಮಿಷಕ್ಕೊಂದರಂತೆ, ಹೊತ್ತು ಬರೆದುಕೊಂಡು. 11:52ಕ್ಕೆ ನೆರಳು ಎಡಗಿಟಕಿಯ ಅಂಚಿನಲ್ಲಿತ್ತು. 12:27ಕ್ಕೆ ಬಲಗಿಟಕಿ ಮುಟ್ಟಿತ್ತು. ಕೆಳಗೆ ಎರಡು ಕಾರುಗಳಿವೆ, ಹಾಗೇ ಬಿಟ್ಟಿದ್ದೇನೆ. ಒಂದರ ಗಾಜಿನ ಮೇಲೆ ಮಂಜು ಇನ್ನೂ ಕರಗಿರಲಿಲ್ಲ.

ಇಡೀ ದಿನಕ್ಕೆ 57 ಫೋಟೋ.

ಕಡೂರುಕ್ಯಾಮೆರಾ · ಡಿಸೆಂಬರ್ 16, ಬೆಳಿಗ್ಗೆ 6:35

ಎಂಟನ್ನೂ ನೋಡಿದೆ ಮಗಳೇ. 12:02ರದ್ದು. ಅದೇ.

ತೊಟ್ಟಿಮನೆ · ಡಿಸೆಂಬರ್ 16, ಬೆಳಿಗ್ಗೆ 10:20

12:02ರ ಚಿತ್ರದಲ್ಲಿ ಬಲಗಿಟಕಿಯ ಮೇಲ್ಗಡೆ ದೊಡ್ಡದು ಮಾಡಿ ನೋಡಿ. ಒಂದು ಹಳೆ ಕಿಟಕಿಯನ್ನು ಮುಚ್ಚಿ ಕಲ್ಲು ತುಂಬಿದ ಗುರುತಿದೆ. ಮೋಡದ ಬೆಳಕಿನಲ್ಲಿ ಅದು ಕಾಣುವುದಿಲ್ಲ, ಬೇಸಿಗೆಯ ಮಧ್ಯಾಹ್ನವೂ ಕಾಣುವುದಿಲ್ಲ. ಎರಡು ದಿನ ಅದೇ ಬೀದಿಯಲ್ಲಿದ್ದ ನನಗೂ ಕಂಡಿರಲಿಲ್ಲ.

ಉಪ್ಪುಕಾಗದ · ಡಿಸೆಂಬರ್ 16, ರಾತ್ರಿ 8:50

ನೀಲಿಕೊಡೆ ಅವರೇ, 12:02ರ ದೊಡ್ಡ ಫೈಲ್ ನನಗೆ ಕಳಿಸುತ್ತೀರಾ? ಅದನ್ನು ನೆಗೆಟಿವ್ ಮಾಡಿ ಪಾರದರ್ಶಕ ಹಾಳೆಯ ಮೇಲೆ ಪ್ರಿಂಟ್ ಹಾಕಿಸಿ, ಉಪ್ಪಿನ ಕಾಗದದ ಮೇಲೆ ಇಳಿಸಿ ನೋಡಬೇಕು ಅನ್ನಿಸಿದೆ.

ನೀಲಿಕೊಡೆ · ಡಿಸೆಂಬರ್ 16, ರಾತ್ರಿ 9:14

ಕಳಿಸಿದ್ದೇನೆ. ಕಾರುಗಳ ಸಮೇತ.

ಉಪ್ಪುಕಾಗದ · ಜನವರಿ 9, ಸಂಜೆ 5:40

ಇವತ್ತು ಮೈಸೂರಿನಲ್ಲಿ ಒಳ್ಳೆಯ ಬಿಸಿಲಿತ್ತು. ನಿನ್ನೆಯೇ ಕಾಗದವನ್ನು ಉಪ್ಪುನೀರಿನಲ್ಲಿ ಅದ್ದಿ ಒಣಗಿಸಿಟ್ಟಿದ್ದೆ. ಬೆಳಿಗ್ಗೆ ಕತ್ತಲೆ ಕೋಣೆಯಲ್ಲಿ ಸಿಲ್ವರ್ ನೈಟ್ರೇಟ್ ಸವರಿ, ಮತ್ತೆ ಒಣಗಿಸಿ, ಮೇಲೆ ನಿಮ್ಮ ನೆಗೆಟಿವ್ ಇಟ್ಟು, ಗಾಜು ಮುಚ್ಚಿ, ತಾರಸಿಯ ಮೇಲೆ ತಂದಿಟ್ಟೆ. ಎಷ್ಟು ಎಚ್ಚರ ವಹಿಸಿದರೂ ಎರಡು ಬೆರಳು ಕಪ್ಪಾಗಿವೆ.

ಹದಿನಾಲ್ಕು ನಿಮಿಷ ಬಿಸಿಲಿಗೆ ಬಿಟ್ಟೆ. ನಡುವೆ ಒಂದೊಂದು ಸಲ ಚೌಕಟ್ಟಿನ ಮೂಲೆ ಎತ್ತಿ ನೋಡುತ್ತಿದ್ದೆ. ಈ ಕಾಗದದಲ್ಲಿ ಕಪ್ಪಾಗಬೇಕಾದದ್ದು ಮೊದಲು ಮೂಡುತ್ತದೆ, ಬೆಳಕಿನ ಭಾಗಗಳು ನಿಧಾನ. ಮೂರನೇ ನಿಮಿಷಕ್ಕೆ ನೋಡಿದಾಗ ಮನೆಯೂ ಇರಲಿಲ್ಲ, ಕಲ್ಲೂ ಇರಲಿಲ್ಲ. ತಿಳಿ ನೇರಳೆ ಬಣ್ಣದಲ್ಲಿ ಆ ಚಿಮಣಿಯ ನೆರಳು ಮಾತ್ರ ಬಂದಿತ್ತು.